ಹದಿನೆಂಟು ತಮ್ಮದಲ್ಲ, ಹದಿನೇಳು ಯಾರದು?: ದೆಹಲಿಯ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಹಿಂದಿಯಲ್ಲಿ ಕೊಟ್ಟ ಅರ್ಜಿಗಳಿಗೆ ತಮ್ಮಿಂದ ಉತ್ತರ ಬಾರದ ಕಾರಣ, ಕ್ಷೇತ್ರದ ಕನ್ನಡಿಗ ಮತದಾರರಾದರೂ ಓದಲೆಂದು ಈ ಬಾರಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಗಲ್ಲಿಯ ಹಿಂದಿನ ಸರ್ಕಾರಿ ಖಾಲಿ ಜಾಗದಲ್ಲಿ ವರ್ಷಗಟ್ಟಲೆ ಮಲಬಾ, ಅಂದರೆ ಕಟ್ಟಡ ಒಡೆದ ಅವಶೇಷ, ಸುರಿದು ಮಳೆನೀರಿನ ನಾಲೆಯೇ ಮುಚ್ಚಿಹೋಗಿದೆ. ಕಳೆದ ಮಳೆಗಾಲದ ಒಂದು ರಾತ್ರಿ ನೆಲಮಹಡಿಯ ನಮ್ಮ ಮನೆಗೆ ಮೊಣಕಾಲುಮಟ್ಟ ನೀರು ನುಗ್ಗಿತು. ನಡೆಯಲಾಗದ ಅತ್ತೆಯವರನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ನಾನೂ ಪಕ್ಕದ ಮನೆಯ ಹುಡುಗನೂ ಮೇಲಿನ ಮಹಡಿಗೆ ಸಾಗಿಸಿದೆವು. ಕೆಳಗಿಳಿದು ಬರುವಷ್ಟರಲ್ಲಿ ತಿಂಗಳ ಅಕ್ಕಿಯೂ ಮಕ್ಕಳ ಪುಸ್ತಕಗಳೂ ಚರಂಡಿ ನೀರಿನಲ್ಲಿ ತೇಲುತ್ತಿದ್ದವು. ಅದೇ ವಾರ ಗಲ್ಲಿಯ ತುದಿಯಲ್ಲಿ ಸಿಮೆಂಟ್ ಬೆಂಚೊಂದರ ರಿಬ್ಬನ್ ಕತ್ತರಿಸಲು ಬಂದ ತಾವು ನಮ್ಮ ಮಾತನ್ನು ಅರ್ಧ ಕೇಳಿ, “ಜಮೀನು ವಿಧಾನಸಭೆಯ ಕೈಯಲ್ಲಿಲ್ಲ” ಎಂದು ನಗುತ್ತಾ ಕಾರು ಹತ್ತಿದಿರಿ.

ಇಲ್ಲ ನಿಜ. 1991ರ 69ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 239ಎಎ ವಿಧಿಯು, ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ರಾಜ್ಯಪಟ್ಟಿಯಲ್ಲಿನ 1, 2 ಮತ್ತು 18ನೇ ನಮೂದುಗಳನ್ನು, ಅಂದರೆ ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್ ಮತ್ತು ಜಮೀನನ್ನು, ದೆಹಲಿ ವಿಧಾನಸಭೆಯಿಂದ ಹೊರಗಿಟ್ಟಿದೆ. ಇದನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಅದಕ್ಕೆ ಅಂಟಿಕೊಂಡೇ ಇರುವ 17ನೇ ನಮೂದಿನಲ್ಲಿ ನೀರು ಸರಬರಾಜಿನ ಜೊತೆಗೆ ಚರಂಡಿ ವ್ಯವಸ್ಥೆಯೂ ಇದೆ, 6ನೆಯದರಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯವಿದೆ. ಇವೆರಡನ್ನೂ ಸಂವಿಧಾನ ತಮ್ಮಿಂದ ಕಿತ್ತುಕೊಂಡಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವಿರುವ ವಿಷಯಗಳಲ್ಲಿ ಉಪರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಗೆ ಬದ್ಧರು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಜುಲೈನಲ್ಲೇ ಹೇಳಿದೆ. ಸಂಸತ್ತು ಬೇಕೆಂದಾಗ ತಮ್ಮ ಕಾನೂನನ್ನು ಮೀರಿ ಕಾನೂನು ಮಾಡಬಲ್ಲದು, ಒಪ್ಪುತ್ತೇನೆ. ಆದರೆ ಮೀರುವುದಕ್ಕಾದರೂ ತಾವೊಂದು ಕಾನೂನು ಮಾಡಿರಬೇಕಲ್ಲವೇ?

ಧಾರವಾಡದ ನಮ್ಮ ಭಾವನವರು ಫೋನ್ ಮಾಡಿದಾಗಲೆಲ್ಲ “ನಿಮ್ಮ ಎಂಎಲ್‌ಎಗೆ ಹೇಳ್ರಿ” ಎನ್ನುತ್ತಾರೆ. ಅಲ್ಲಿ ಜಮೀನೂ ಪೊಲೀಸೂ ರಾಜ್ಯದ್ದೇ ಆದ್ದರಿಂದ ಆ ಸಲಹೆಗೆ ಅರ್ಥವಿದೆ. ಇಲ್ಲಿ ಎಂಎಲ್‌ಎಗೆ ಹೇಳಿದರೆ ಸಂವಿಧಾನದ ಪಾಠವಾಗುತ್ತದೆ, ಅದೂ ಅರ್ಧ ಪಾಠ. ಚುನಾವಣೆಯ ಹೊತ್ತಿಗೆ “ಕಾನೂನು ತಂದು ಈ ಜಾಗವನ್ನು ಪಾರ್ಕ್ ಮಾಡುತ್ತೇನೆ” ಎಂದು ಕರಪತ್ರ ಹಂಚುವಾಗ 18ನೇ ನಮೂದು ತಮಗೆ ನೆನಪಾಗಲಿಲ್ಲವೇ? ಆ ಕರಪತ್ರ ಬೀರುವಿನ ಮೇಲಿತ್ತು, ನೆನೆಯದೆ ಉಳಿದಿದೆ. ಬೇಕಾದರೆ ಪ್ರತಿ ಕಳುಹಿಸುತ್ತೇನೆ.

ನಾನು ಕೇಳುವುದು ಇಷ್ಟೇ: ಆ ನಾಲೆಯ ವಿಷಯದಲ್ಲಿ ಸಭೆಗೆ ಯಾವ ಅಧಿಕಾರವಿದೆ, ಯಾವುದಿಲ್ಲ ಎಂಬುದನ್ನು ತಮ್ಮ ಸಹಿಯೊಂದಿಗೆ ಬರೆದು ಕೊಡಿ. ಇರುವ ಅಧಿಕಾರದಡಿ ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಕೇಳಿ. ಇಲ್ಲದ್ದಕ್ಕೆ ಕೇಂದ್ರವನ್ನು ಒತ್ತಾಯಿಸುವ ನಿರ್ಣಯ ಮಂಡಿಸಿ. ಎಪ್ಪತ್ತು ಶಾಸಕರಲ್ಲಿ ಒಬ್ಬರು ಎದ್ದು ನಿಲ್ಲುವುದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಬರೆದು ಕೊಡಿ ಸ್ವಾಮಿ, ಬಾಯಿಮಾತು ಸಾಕಾಗಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಬರೆದು ಕೊಡಿ.

ಇಂತಿ,
ತಮ್ಮ ಕ್ಷೇತ್ರದ ನೆಲಮಹಡಿಯ ಮತದಾರ