ತುಂಬಿದ್ದು ಉಳಿಯದ ಪಿಡಿಎಫ್ ಅರ್ಜಿಗಳು

ಮಾನ್ಯ ಸಂಪಾದಕರೇ,

ಇಲಾಖೆಗಳು, ವಿಶ್ವವಿದ್ಯಾಲಯಗಳು ಮತ್ತು ಬ್ಯಾಂಕುಗಳು ತಮ್ಮ ಜಾಲತಾಣಗಳಲ್ಲಿ ಹಾಕುವ ಪಿಡಿಎಫ್ ಅರ್ಜಿ ನಮೂನೆಗಳನ್ನು ವಿಂಡೋಸ್ ಬದಲು ಉಬುಂಟುವಿನಂತಹ ಉಚಿತ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಿರುವ ಗಣಕದಲ್ಲಿ ತುಂಬಲು ಹೊರಟವರು ಅರ್ಧದಲ್ಲೇ ಕೈಬಿಟ್ಟು, ಪ್ರಿಂಟ್ ತೆಗೆಸಿ, ಪೆನ್ನಿನಲ್ಲಿ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ ಕಳುಹಿಸುವುದನ್ನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿದ ನಾನು ಬಹಳ ಸಲ ಕಂಡಿದ್ದೇನೆ. 'ಪುಕ್ಕಟೆ ತಂತ್ರಾಂಶದ ಹಣೆಬರಹವೇ ಇಷ್ಟು' ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ತುಂಬುವ ತಂತ್ರಾಂಶದಲ್ಲಲ್ಲ, ಅರ್ಜಿಯನ್ನು ಸಿದ್ಧಪಡಿಸಿದ ಬಗೆಯಲ್ಲಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಹೊರನೋಟಕ್ಕೆ ಪಿಡಿಎಫ್ ಅರ್ಜಿಗಳೆಲ್ಲ ಒಂದೇ ತೆರನಾಗಿ ಕಂಡರೂ ಅವುಗಳ ಒಳಗಿನ ರಚನೆ ಬೇರೆಬೇರೆ. ನಮ್ಮಲ್ಲಿ ಬಹುಪಾಲು ಅರ್ಜಿಗಳು ಕಾಗದದ ನಮೂನೆಯ ಸ್ಕ್ಯಾನ್ ಪ್ರತಿಗಳು. ಅವುಗಳಲ್ಲಿ ತುಂಬುವ ಖಾನೆಗಳೇ ಇರುವುದಿಲ್ಲವಾದ್ದರಿಂದ ಓದುಗವು (ಪಿಡಿಎಫ್ ತೆರೆದು ಓದುವ ತಂತ್ರಾಂಶ) ಸಾಮಾನ್ಯವಾಗಿ ಅವನ್ನು ತುಂಬುವ ಅರ್ಜಿಯೆಂದು ಗುರುತಿಸಲಾರದು. ಎರಡನೆಯದು ಆಕ್ರೋಫಾರ್ಮ್ ಎಂಬ ವಿಧಾನದ್ದು. 1996ರಲ್ಲಿ ಪಿಡಿಎಫ್‌ನ 1.2ನೇ ಆವೃತ್ತಿಯೊಂದಿಗೆ ಬಂದ ಈ ವಿಧಾನದಲ್ಲಿ ಹೆಸರು, ವಿಳಾಸ, ಗುರುತು ಹಾಕುವ ಚೌಕ ಮುಂತಾದ ಖಾನೆಗಳು ಕಡತದೊಳಗೇ ಇರುತ್ತವೆ. ಲಿನಕ್ಸ್‌ನ ಓಕ್ಯುಲರ್, ಎವಿನ್ಸ್ ಓದುಗಗಳಲ್ಲೂ, 2020ರಲ್ಲಿ ಬಂದ 81ನೇ ಆವೃತ್ತಿಯಿಂದೀಚಿನ ಫೈರ್‌ಫಾಕ್ಸ್‌ನಲ್ಲೂ ಅವನ್ನು ತುಂಬಿ ಉಳಿಸಬಹುದು.

ತೊಂದರೆಯ ಮೂಲ ಮೂರನೆಯ ಬಗೆಯಲ್ಲಿದೆ. ಅದರ ಹೆಸರು ಎಕ್ಸ್‌ಎಫ್‌ಎ. ಅಡೋಬ್ ಕಂಪನಿ 2003ರ ಸುಮಾರಿಗೆ ತನ್ನ ಪಿಡಿಎಫ್‌ಗೆ ಸೇರಿಸಿಕೊಂಡ ಈ ವಿಧಾನದಲ್ಲಿ ಅರ್ಜಿಯೆಂಬುದು ಪುಟವಾಗಿರದೆ, ತೆರೆದಾಗ ಪುಟವನ್ನು ಕಟ್ಟುವ ಒಂದು ಸಣ್ಣ ಗಣಕ ಕಾರ್ಯಕ್ರಮವೇ (ಪ್ರೋಗ್ರಾಂ) ಆಗಿರುತ್ತದೆ. ಅದನ್ನು ಅರಿಯದ ಓದುಗದಲ್ಲಿ ತೆರೆದರೆ, ಸ್ವಲ್ಪ ಕಾಯಿರಿ, ಸರಿಯಾದ ವಿಷಯ ಮೂಡದಿದ್ದರೆ ನಿಮ್ಮ ಓದುಗಕ್ಕೆ ಈ ಕಡತವನ್ನು ತೋರಿಸಲು ಬಾರದಿರಬಹುದು ಎಂಬರ್ಥದ ಇಂಗ್ಲಿಷ್ ಒಕ್ಕಣೆಯುಳ್ಳ ಒಂದೇ ಪುಟ ಕಾಣುತ್ತದೆ. ಎಷ್ಟು ಕಾದರೂ ಅದು ಬದಲಾಗದು. ಜಾಲ ನಿಧಾನವಿದೆಯೆಂದು ತಿಳಿದು ಅದೇ ಕಡತವನ್ನು ಮತ್ತೆ ಮತ್ತೆ ಇಳಿಸಿಕೊಳ್ಳುವವರನ್ನು ನೋಡಿದ್ದೇನೆ.

ಪಿಡಿಎಫ್ ಅಂತರರಾಷ್ಟ್ರೀಯ ಮಾನಕ ತಾನೇ, ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. 2008ರಲ್ಲಿ ಐಎಸ್‌ಒ 32000 ಎಂಬ ಮಾನಕವಾದದ್ದು ಪಿಡಿಎಫ್ ಹೌದು. ಎಕ್ಸ್‌ಎಫ್‌ಎಯ ವಿವರಗಳು ಮಾತ್ರ ಆ ಮಾನಕದ ಹೊರಗೆ, ಅಡೋಬ್‌ನ ಕೈಯಲ್ಲೇ ಉಳಿದಿದ್ದವು. 2017ರಲ್ಲಿ ಬಂದ ಪಿಡಿಎಫ್ 2.0 ಮಾನಕವು ಎಕ್ಸ್‌ಎಫ್‌ಎಯನ್ನು ಬಳಕೆಯಿಂದ ಕೈಬಿಡಬೇಕಾದುದೆಂದೇ ಗುರುತಿಸಿತು. ಈ ನಡುವೆ ಅಡೋಬ್ ತನ್ನ ರೀಡರ್‌ನ ಲಿನಕ್ಸ್ ಆವೃತ್ತಿಯನ್ನು 2013ರ 9.5.5ಕ್ಕೇ ನಿಲ್ಲಿಸಿಬಿಟ್ಟಿತು. ಹೀಗಿರುವಾಗ 'ಅಡೋಬ್ ರೀಡರ್‌ನಲ್ಲೇ ತೆರೆಯಿರಿ' ಎಂದು ಜಾಲತಾಣದಲ್ಲಿ ಸೂಚನೆ ಬರೆಯುವುದೂ, ಲಿನಕ್ಸ್ ಬಳಸುವವರು ಅರ್ಜಿ ಹಾಕುವುದು ಬೇಡವೆನ್ನುವುದೂ ಒಂದೇ.

ನಮ್ಮ ದೇಶದಲ್ಲಿ ಇದರ ಬಿಸಿ ಹೆಚ್ಚು ತಟ್ಟಿದ್ದು ಲೆಕ್ಕಪರಿಶೋಧಕರಿಗೆ ಮತ್ತು ಕಂಪನಿ ಕಾರ್ಯದರ್ಶಿಗಳಿಗೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ21 ವ್ಯವಸ್ಥೆಯಲ್ಲಿ ಕಂಪನಿಗಳು ಸಲ್ಲಿಸುವ ಇ-ಅರ್ಜಿಗಳು ವರ್ಷಗಟ್ಟಲೆ ಇದೇ ಬಗೆಯವಾಗಿದ್ದವು. ಅದರ ಮೂರನೇ ಆವೃತ್ತಿಯಲ್ಲಿ, 2022ರಿಂದ ಹಂತಹಂತವಾಗಿ, ಅವು ಜಾಲಪುಟದಲ್ಲೇ ತುಂಬುವ ಅರ್ಜಿಗಳಾಗಿ ಬದಲಾಗಿವೆ. ಓದಲು ಕೆನಡಾಕ್ಕೆ ಹೊರಟ ನಮ್ಮ ಮಕ್ಕಳಿಗೆ ಅಲ್ಲಿನ ವಲಸೆ ಇಲಾಖೆಯ ಐಎಂಎಂ 1294 ಎಂಬ ವ್ಯಾಸಂಗ ಪರವಾನಗಿಯ ಅರ್ಜಿ ಇದೇ ಪಾಠವನ್ನು ಕಲಿಸಿದೆ. ತುಂಬಿದ ಮೇಲೆ ಪರಿಶೀಲನೆಯ ಗುಂಡಿ ಒತ್ತಿದರೆ ವಿವರಗಳು ಬಾರ್‌ಕೋಡ್ ಆಗಿ ಮೂಡುವ ಎಕ್ಸ್‌ಎಫ್‌ಎ ಅರ್ಜಿ ಅದು. 2021ರ ಅಕ್ಟೋಬರಿನಲ್ಲಿ ಬಂದ ಫೈರ್‌ಫಾಕ್ಸ್ 93 ಇಂತಹ ಅರ್ಜಿಗಳನ್ನು ತೆರೆದು ತೋರಿಸುವಂತಾದದ್ದು ಮೂಲ ಆಕರ ಎಲ್ಲರಿಗೂ ತೆರೆದಿರುವ ಸ್ವತಂತ್ರ ತಂತ್ರಾಂಶದ ದೊಡ್ಡ ಗೆಲುವು ನಿಜ, ಆದರೆ ಪರಿಶೀಲನೆ ಮತ್ತು ಬಾರ್‌ಕೋಡ್‌ನಂತಹ ಕೆಲಸಗಳಿಗೆ ಅದನ್ನೇ ನೆಚ್ಚಿಕೊಳ್ಳಿ ಎಂದು ವೀಸಾಕ್ಕೆ ಕಾದಿರುವ ಮಕ್ಕಳಿಗೆ ಹೇಳುವ ಧೈರ್ಯ ನನಗಿಲ್ಲ.

ಇನ್ನು ಉಳಿಸುವ ಮಾತು. ತುಂಬಿದ ಅರ್ಜಿಯನ್ನು ಉಳಿಸಲು ಬಾರದಿರುವುದು ಸ್ವತಂತ್ರ ತಂತ್ರಾಂಶದ ಕೊರತೆಯೆಂದು ಭಾವಿಸಿರುವವರು ಒಂದು ಸಂಗತಿಯನ್ನು ನೆನಪಿಸಿಕೊಳ್ಳಬೇಕು. 2012ರಲ್ಲಿ ಹನ್ನೊಂದನೇ ಆವೃತ್ತಿ ಬರುವವರೆಗೆ ಅಡೋಬ್‌ನ ಉಚಿತ ರೀಡರ್ ಕೂಡ, ಅರ್ಜಿ ಸಿದ್ಧಪಡಿಸಿದವರು ಅಡೋಬ್‌ನ ಬೇರೆ ತಂತ್ರಾಂಶದ ಮೂಲಕ ವಿಶೇಷ ಹಕ್ಕು ಸೇರಿಸಿರದಿದ್ದರೆ, ತುಂಬಿದ್ದನ್ನು ಉಳಿಸಲು ಬಿಡುತ್ತಿರಲಿಲ್ಲ. ಬೇಕಾದರೆ ಪ್ರಿಂಟ್ ತೆಗೆದುಕೊಳ್ಳಿ ಎನ್ನುತ್ತಿತ್ತು. ಅದು ಕೈಲಾಗದೆ ಆದ ಕೊರತೆಯಲ್ಲ, ವ್ಯಾಪಾರಕ್ಕಾಗಿ ಹಾಕಿದ ಬೀಗ. ಸ್ವತಂತ್ರ ತಂತ್ರಾಂಶದಲ್ಲಿ ಅಂತಹ ಬೀಗವಿಲ್ಲ.

ಆದರೂ ಕೆಲವು ಎಚ್ಚರಗಳು ಬೇಕು. ಬ್ರೌಸರಿನಲ್ಲಿ ತುಂಬಿ, ಕಿಟಕಿ ಮುಚ್ಚಿ, ಮೊದಲು ಇಳಿಸಿಕೊಂಡಿದ್ದ ಖಾಲಿ ಕಡತವನ್ನೇ ಮಿಂಚಂಚೆಯಲ್ಲಿ ಕಳುಹಿಸುವುದು ಬಹಳ ಸಾಮಾನ್ಯ. ಫೈರ್‌ಫಾಕ್ಸ್‌ನಲ್ಲಿ ಮೇಲಿನ ಪಟ್ಟಿಯ ಉಳಿಸುವ ಗುಂಡಿಯನ್ನು ಒತ್ತಿದರೆ ಮಾತ್ರ ತುಂಬಿದ್ದು ಕಡತಕ್ಕೆ ಸೇರುತ್ತದೆ. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಆಕ್ರೋಫಾರ್ಮ್‌ನ ಪ್ರತಿ ಖಾನೆಯಲ್ಲೂ ತುಂಬಿದ ಮೌಲ್ಯ ಒಂದೆಡೆ, ಅದು ಪುಟದ ಮೇಲೆ ಕಾಣಬೇಕಾದ ರೂಪ ಇನ್ನೊಂದೆಡೆ ಇರುತ್ತದೆ. ಮೌಲ್ಯವನ್ನಷ್ಟೇ ಬರೆದು ರೂಪವನ್ನು ಬರೆಯದ ತಂತ್ರಾಂಶದಲ್ಲಿ ತುಂಬಿದ ಅರ್ಜಿ ನಮ್ಮಲ್ಲಿ ಸರಿಯಾಗಿ ಕಂಡು, ಪಡೆದವರಲ್ಲಿ ಖಾಲಿಯಾಗಿ ಕಾಣಬಹುದು. ಆದ್ದರಿಂದ ಕಳುಹಿಸುವ ಮುನ್ನ ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡುವುದು ಕ್ಷೇಮ. ಖಾನೆಗಳನ್ನು ಉಳಿಸಬೇಕೆಂಬ ನಿಬಂಧನೆ ಇಲ್ಲದಿದ್ದರೆ, ತುಂಬಿದ ಪ್ರತಿಯನ್ನು ತಿದ್ದುಪಡಿಗಾಗಿ ಇಟ್ಟುಕೊಂಡು, ಅದರಿಂದಲೇ 'ಪಿಡಿಎಫ್‌ಗೆ ಮುದ್ರಿಸು' ಆಯ್ಕೆಯಲ್ಲಿ ಇನ್ನೊಂದು ಪ್ರತಿ ತೆಗೆದು ಕಳುಹಿಸಬಹುದು. ಮೇಲೆ ಹೇಳಿದ ಬಾರ್‌ಕೋಡ್ ಅರ್ಜಿಗಳಿಗೆ ಮಾತ್ರ ಈ ಉಪಾಯ ಸಲ್ಲದು. ಖಾನೆಗಳೇ ಇಲ್ಲದ ಸ್ಕ್ಯಾನ್ ಪ್ರತಿಗಳ ಮೇಲೆ ಬರೆಯಲು ಕ್ಸೋರ್ನಲ್‌ಪ್ಲಸ್‌ಪ್ಲಸ್ ಎಂಬ ತಂತ್ರಾಂಶವಿದೆ. 2022ರ ನಂತರದ ಫೈರ್‌ಫಾಕ್ಸ್‌ನಲ್ಲೂ ಅಕ್ಷರ ಸೇರಿಸುವ ಸೌಲಭ್ಯವಿದೆ.

ಕನ್ನಡದ ಅರ್ಜಿಗಳ ಸ್ಥಿತಿ ಇನ್ನೂ ಕಷ್ಟದ್ದು. ಖಾನೆಗೆ ಜೋಡಿಸಿದ ಫಾಂಟ್ ಬರೀ ಇಂಗ್ಲಿಷಿನದಾಗಿದ್ದರೆ ಕನ್ನಡದಲ್ಲಿ ಟೈಪಿಸಿದ್ದು ಚೌಕಗಳಾಗುತ್ತದೆ. ಫಾಂಟ್ ಇದ್ದರೂ ಒತ್ತಕ್ಷರಗಳು ಒಡೆದು ಕಾಣುವುದುಂಟು. ಇಲ್ಲಿ ಸ್ವತಂತ್ರ ತಂತ್ರಾಂಶಗಳಲ್ಲೂ ಕೊರತೆಯಿದೆ ಎಂಬುದನ್ನು ಒಪ್ಪಲೇಬೇಕು. ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಪುಟದಲ್ಲಿ ಚೆನ್ನಾಗಿ ನಡೆದರೂ ಅರ್ಜಿಯ ಖಾನೆಯೊಳಗೆ ಎಲ್ಲ ಓದುಗಗಳಲ್ಲೂ ನಡೆಯುವುದಿಲ್ಲ. ಕನ್ನಡ ಬಲ್ಲ ತಂತ್ರಜ್ಞರು ಕೈಹಾಕಬೇಕಾದ ಕೆಲಸ ಇದು. ಮೂಲ ಆಕರ ಎಲ್ಲರಿಗೂ ತೆರೆದಿರುವುದರಿಂದ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಸಿದ್ಧಪಡಿಸಿದ ನಮೂನೆಗಳನ್ನು ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸದೆ ಹಾಗೆಯೇ ಪಿಡಿಎಫ್ ಮಾಡಿ ಹಾಕುವುದನ್ನಂತೂ ಇಲಾಖೆಗಳು ಇಂದೇ ನಿಲ್ಲಿಸಬಹುದು. ಅಂತಹ ಕಡತದ ಅಕ್ಷರಗಳನ್ನು ನಕಲು ಮಾಡಿದರೆ ಸಿಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಒಳ್ಳೆಯ ಅರ್ಜಿ ಮಾಡಲು ಇಲಾಖೆಗಳಿಗೆ ದುಬಾರಿ ತಂತ್ರಾಂಶವೇನೂ ಬೇಡ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್‌ನಲ್ಲಿ ಖಾನೆಗಳನ್ನು ಇಟ್ಟು, ಪಿಡಿಎಫ್ ಆಗಿ ರಫ್ತು ಮಾಡುವಾಗ ಅರ್ಜಿಯನ್ನು ರಚಿಸುವ ಆಯ್ಕೆಗೆ ಗುರುತು ಹಾಕಿದರೆ ಆಕ್ರೋಫಾರ್ಮ್ ಸಿದ್ಧವಾಗುತ್ತದೆ. ಇ-ಆಡಳಿತದಲ್ಲಿ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೂ, ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು 2015ರಲ್ಲೂ ಪ್ರಕಟಿಸಿದೆ. ರಾಜ್ಯದ ಇಲಾಖೆಗಳು ಮತ್ತು ವಿಶ್ವವಿದ್ಯಾಲಯಗಳು ಯಾವುದೇ ಹೊಸ ನಮೂನೆಯನ್ನು ಪ್ರಕಟಿಸುವ ಮುನ್ನ ಅದನ್ನು ಲಿನಕ್ಸ್ ಗಣಕವೊಂದರ ಫೈರ್‌ಫಾಕ್ಸ್‌ನಲ್ಲೂ ಓಕ್ಯುಲರ್‌ನಲ್ಲೂ ತೆರೆದು, ಕನ್ನಡದಲ್ಲಿ ತುಂಬಿ, ಉಳಿಸಿ, ಮತ್ತೆ ತೆರೆದು ನೋಡಬೇಕು. ಅರ್ಧ ಗಂಟೆಯ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಸುತ್ತೋಲೆಯೊಂದನ್ನು ರಾಜ್ಯದ ಇ-ಆಡಳಿತ ಇಲಾಖೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಓರ್ವ ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ