ಕಂಪ್ರೆಸರ್ ಗಾಳಿಯಲ್ಲಿನ ನೀರು: ಫಿಲ್ಟರ್ ಎಲ್ಲಿರಬೇಕು?

ಮಾನ್ಯ ಸಂಪಾದಕರೇ,

ಮನೆಯ ವರ್ಕ್‌ಶಾಪಿನಲ್ಲಿ ಪೇಂಟ್ ಸಿಂಪಡಿಸಲು ಏರ್ ಕಂಪ್ರೆಸರ್ ಬಳಸುವ ಹಲವರು ಪೇಂಟಿನ ಮೇಲೆ ಗುಳ್ಳೆ ಎದ್ದಾಗ ಪೇಂಟನ್ನೇ ದೂರುತ್ತಾರೆ. ಗಾಳಿಯೊಳಗೆ ನೀರಿರಬಹುದೆಂಬ ಅನುಮಾನ ಅವರಿಗೆ ಬರುವುದೇ ಇಲ್ಲ.

ಎಂಟು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿದಾಗ ಅದರಲ್ಲಿದ್ದ ತೇವವೂ ಅಷ್ಟೇ ದಟ್ಟವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇ. 70 ಆರ್ದ್ರತೆಯ ಗಾಳಿಯನ್ನು ಹೀಗೆ ಒತ್ತಿ ಮತ್ತೆ ಅದೇ ಉಷ್ಣತೆಗೆ ತಣಿಸಿದರೆ, ಆವಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಾಗಿ ಇಳಿಯುತ್ತದೆ. ಆದರೆ ಕಂಪ್ರೆಸರ್‌ನಿಂದ ಹೊರಬೀಳುವ ಗಾಳಿ ಬಿಸಿಯಾಗಿರುವುದರಿಂದ, ನೀರಿನ ಹನಿ ಹಿಡಿಯಲೆಂದು ಟ್ಯಾಂಕಿನ ಬಾಯಿಗೇ ಜೋಡಿಸಿದ ಫಿಲ್ಟರನ್ನು ಅದರಲ್ಲಿನ ತೇವ ಆವಿಯಾಗಿಯೇ ದಾಟಿ, ಮುಂದೆ ಹೋಸಿನಲ್ಲಿ ತಣಿದು ಹನಿಗಟ್ಟುತ್ತದೆ. ಅಂಗಡಿಯವರು ಫಿಲ್ಟರನ್ನು ಅಲ್ಲೇ ಕೂರಿಸಿಕೊಡುವುದು ವಾಡಿಕೆಯಾದರೂ ಅದು ಸರಿಯಾದ ಜಾಗವಲ್ಲ.

ಮೊದಲು ಗಾಳಿ ತಣಿಯಬೇಕು. ತಾಮ್ರದ ಉದ್ದನೆಯ ಪೈಪನ್ನು ಗೋಡೆಗುಂಟ ಸ್ವಲ್ಪ ಇಳಿಜಾರಾಗಿ ಒಯ್ದು, ಅದರ ತಗ್ಗಿನ ತುದಿಗೆ ಡ್ರೇನ್ ವಾಲ್ವ್ ಇಟ್ಟು, ಉಪಕರಣಗಳಿಗೆ ಹೋಗುವ ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದು, ಅವುಗಳ ಕೊನೆಯಲ್ಲಿ ಫಿಲ್ಟರ್ ಹಾಕುವುದು ಉತ್ತಮ. ಅಗ್ಗವೆಂದು ಪಿವಿಸಿ ಪೈಪ್ ಬಳಸಲೇಬಾರದು. ಒತ್ತಡದಲ್ಲಿ ಒಡೆದರೆ ಅದರ ಚೂರುಗಳು ಸಿಡಿಯುತ್ತವೆ.

ಪೇಂಟ್ ಕೆಲಸಕ್ಕೆ ಮಾತ್ರ ಇಷ್ಟು ಸಾಲದು. ಫಿಲ್ಟರ್ ಹನಿಗಳನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನಲ್ಲ. ಅದಕ್ಕೆ ಸಿಲಿಕಾ ಜೆಲ್ ಹರಳುಗಳನ್ನು ತುಂಬಿದ ಡ್ರೈಯರ್ ಬೇಕು, ತೇವ ಹೀರಿ ಬಣ್ಣ ಬದಲಾದ ಹರಳುಗಳನ್ನು ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು.

ಕೆಲಸ ಮುಗಿದ ದಿನವೇ ಟ್ಯಾಂಕಿನ ತಳದ ವಾಲ್ವ್ ತೆರೆದು ತುಕ್ಕುಬಣ್ಣದ ನೀರನ್ನು ಹೊರಬಿಡುವುದು ಅತ್ಯಗತ್ಯ. ಒಳಗಿನಿಂದ ಸವೆಯುತ್ತಿರುವ ಟ್ಯಾಂಕ್ ಹೊರಗೆ ಯಾವ ಸೂಚನೆಯನ್ನೂ ಕೊಡದೆ ಸಿಡಿಯಬಹುದು.

ಇತಿ,
ಓದುಗ