ಚಾಮಯ್ಯ ಮೇಷ್ಟ್ರು ಕೇಳಿಸಿಕೊಳ್ಳದೆ ಹೋದ ಮಾತು

ಮಾನ್ಯ ಸಂಪಾದಕರೇ,

ಪ್ರತಿವರ್ಷ ಸೆಪ್ಟೆಂಬರ್ 5 ಹತ್ತಿರವಾಗುತ್ತಿದ್ದಂತೆ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಎಲ್ಲರಿಗೂ ನೆನಪಾಗುತ್ತಾರೆ. ಶಾಲೆಗಳ ಸಮಾರಂಭಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅವರನ್ನು ಆದರ್ಶ ಗುರುವೆಂದು ಕೊಂಡಾಡುತ್ತೇವೆ. ಚಿತ್ರದುರ್ಗ ಜಿಲ್ಲೆಯಲ್ಲೇ ಹುಟ್ಟಿ ಬೆಳೆದು, ಇಲ್ಲಿಯ ಪ್ರೌಢಶಾಲೆಗಳಲ್ಲೇ ಗಣಿತ ಪಾಠ ಹೇಳಿ ನಿವೃತ್ತನಾದ ನನಗೂ ಆ ಪಾತ್ರವೆಂದರೆ ಪ್ರಾಣ. ಕೆ.ಎಸ್. ಅಶ್ವತ್ಥ್ ಅದಕ್ಕೆ ತುಂಬಿದ ಜೀವವನ್ನು ಯಾರು ತಾನೇ ಮರೆತಾರು? ಆದರೆ ಕಳೆದ ತಿಂಗಳು ಪಿಯುಸಿ ಓದುತ್ತಿರುವ ಮೊಮ್ಮಗಳ ಪಕ್ಕದಲ್ಲಿ ಕುಳಿತು ಈ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದ ಮೇಲೆ, ನಮ್ಮ ಈ ಹೊಗಳಿಕೆಯಲ್ಲಿ ಕಥೆಯ ಅರ್ಧಭಾಗವೇ ಬಿಟ್ಟುಹೋಗುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ಈ ಚಿತ್ರ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡಿತು. ವಿಷ್ಣುವರ್ಧನ್ ಮೊದಲು ನಾಯಕರಾಗಿದ್ದು, ಅಂಬರೀಶ್ ತೆರೆಯ ಮೇಲೆ ಮೊದಲು ಕಾಣಿಸಿಕೊಂಡಿದ್ದು ಇದರಲ್ಲೇ. 2018ರಲ್ಲಿ ಹೊಸ ತಾಂತ್ರಿಕತೆಯೊಂದಿಗೆ ಇದು ಮತ್ತೆ ಬಿಡುಗಡೆಯಾದಾಗಲೂ ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದಿದ್ದು ನಾಯಕ ರಾಮಾಚಾರಿಯ ರೋಷಕ್ಕೆ. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದ್ದು, ಹುಡುಗಿಯರನ್ನು ಚುಡಾಯಿಸುವ ಜಲೀಲನನ್ನು ಹೊಡೆದು ಹಣ್ಣುಗಾಯಿ ಮಾಡಿದ್ದು ನಮಗೆ ಬಾಯಿಪಾಠವಾಗಿದೆ. ಆ ಹುಡುಗ ಅಷ್ಟೆಲ್ಲ ಸಿಡಿಮಿಡಿಗೊಂಡು ಹೇಳಹೊರಟಿದ್ದು ಏನನ್ನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಅವನ ವಿಷಯದಲ್ಲಿ ಊರು ಮೊದಲೇ ತೀರ್ಪು ಕೊಟ್ಟುಬಿಟ್ಟಿದೆ. ಪುಂಡ, ಪೋಕರಿ, ಕೈಗೆ ಸಿಗದವನು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದದ್ದು ಅವನ ತಪ್ಪು ನಿಜ. ಆದರೆ ಆ ತಪ್ಪಿನ ಆಚೆಗೆ ಅವನಲ್ಲಿ ಇನ್ನೇನಿದೆ ಎಂದು ನೋಡುವ ವ್ಯವಧಾನ ಕಾಲೇಜಿಗೂ ಇಲ್ಲ, ಊರಿನ ದೊಡ್ಡವರಿಗೂ ಇಲ್ಲ. ಮಾತಿಗೆ ಬೆಲೆ ಸಿಗದ ಹುಡುಗ ಕೈಯಿಂದ ಮಾತಾಡತೊಡಗುತ್ತಾನೆ. ಅವನು ಬಾಯಿಬಿಟ್ಟು ಮನಸ್ಸು ತೋಡಿಕೊಳ್ಳುವ ಜಾಗವೆಂದರೆ ಚಾಮಯ್ಯ ಮೇಷ್ಟ್ರ ಮನೆಯೊಂದೇ. ಮಕ್ಕಳಿಲ್ಲದ ಆ ದಂಪತಿಗಳಿಗೆ ಅವನು ಮಗನಿದ್ದಂತೆ. ಹೀಗಿರುವಾಗ, ಗೆಳೆಯ ವರದನ ತಂಗಿ ಅಲಮೇಲುವನ್ನು ಮೆಚ್ಚಿದ್ದೇನೆಂದು ಅವನು ಹೇಳಿಕೊಂಡಾಗ ಅದೇ ಮೇಷ್ಟ್ರು ತ್ಯಾಗ ದೊಡ್ಡದು, ಅವಳನ್ನು ಬಿಟ್ಟುಬಿಡು ಎನ್ನುತ್ತಾರೆ. ಇಡೀ ಊರಿಗೆ ತಲೆಬಾಗದವನು ಗುರುವಿನ ಮಾತಿಗೆ ಬಾಗುತ್ತಾನೆ. ಈ ದೃಶ್ಯವನ್ನೇ ನಾವು ಗುರುಭಕ್ತಿಯ ಉದಾಹರಣೆಯೆಂದು ಮಕ್ಕಳಿಗೆ ತೋರಿಸುತ್ತ ಬಂದಿದ್ದೇವೆ.

ನನ್ನ ಮೊಮ್ಮಗಳು ಅಲ್ಲಿಗೆ ಚಿತ್ರವನ್ನು ನಿಲ್ಲಿಸಿ, ‘ತಾತ, ಅಲಮೇಲುವನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?’ ಎಂದಳು. ಎಷ್ಟೋ ಸಲ ನೋಡಿದ ಚಿತ್ರ. ಆ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳನ್ನು ಕೊಡುತ್ತೇನೆಂದು ಮಾತು ಕೊಟ್ಟವನು ಅಣ್ಣ ವರದ, ತಪ್ಪಿದವನೂ ಅವನೇ, ಬಿಡೆಂದವರು ಮೇಷ್ಟ್ರು, ಬಿಟ್ಟವನು ರಾಮಾಚಾರಿ. ಹಿರಿಯರು ಒಪ್ಪಿ ಮಾಡಿದ ಮದುವೆಯಲ್ಲಿ ಮೋಸಹೋಗಿ, ಮೈಮಾರಿಕೊಂಡು ಬದುಕುವ ಸ್ಥಿತಿಗೆ ಬಂದ ಮೇಲಷ್ಟೇ ಅವಳು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಪುಟ್ಟಣ್ಣ ಅವಳಿಗೆ ಅಲ್ಲೊಂದು ಹಾಡನ್ನೇ ಕೊಟ್ಟಿದ್ದಾರೆ. ಆ ಹಾಡನ್ನು ರೇಡಿಯೊದಲ್ಲಿ ಕೇಳಿ ಎಷ್ಟೋ ವರ್ಷ ತಲೆದೂಗಿದ ನಮಗೆ ಅದೊಂದು ದೂರು ಎಂದು ತಿಳಿಯಲೇ ಇಲ್ಲ.

2010ರಲ್ಲಿ ಬಂದ, ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶನದ ‘ಉಡಾನ್’ ಎಂಬ ಹಿಂದಿ ಚಿತ್ರವನ್ನೂ ಇಲ್ಲಿ ನೆನೆಯಬೇಕು. ಜಮ್ಶೆಡ್‌ಪುರದ ಆ ಹದಿನೇಳರ ಹುಡುಗನಿಗೆ ಕವಿತೆ ಬರೆಯುವ ಆಸೆ. ತನ್ನನ್ನು ‘ಸರ್’ ಎಂದೇ ಕರೆಯಬೇಕೆನ್ನುವ, ಮಾತುಮಾತಿಗೆ ಕೈಯೆತ್ತುವ ತಂದೆಗೆ ಮಗ ಎಂಜಿನಿಯರಾಗಬೇಕೆಂಬ ಹಟ. ಕೊನೆಗೆ ಹುಡುಗ ಪುಟ್ಟ ತಮ್ಮನ ಕೈಹಿಡಿದು ಮನೆಬಿಟ್ಟು ಹೊರಡುತ್ತಾನೆ. ಹೊಡೆಯುವ ತಂದೆಯನ್ನು ಎದುರಿಸಲು ಧೈರ್ಯ ಬೇಕು, ಆದರೆ ಎದುರಿಸಬೇಕೆಂಬುದಾದರೂ ಅವನಿಗೆ ಸ್ಪಷ್ಟವಿದೆ. ತಲೆ ನೇವರಿಸಿ ಬೇಡವೆನ್ನುವ ಚಾಮಯ್ಯ ಮೇಷ್ಟ್ರನ್ನು ರಾಮಾಚಾರಿ ಎದುರಿಸುವುದು ಹೇಗೆ? ನಮ್ಮ ಊರುಗಳ ಹೆಚ್ಚಿನ ಮಕ್ಕಳ ಕಷ್ಟ ಈ ಎರಡನೆಯ ಬಗೆಯದು. ಇದನ್ನು ನಾನು ಚಿತ್ರ ನೋಡಿ ಹೇಳುತ್ತಿಲ್ಲ, ನಾನೇ ಮಾಡಿದ್ದನ್ನು ನೆನೆದು ಹೇಳುತ್ತಿದ್ದೇನೆ.

ಹತ್ತನೆಯ ತರಗತಿಯಲ್ಲಿ ನನಗೊಬ್ಬ ವಿದ್ಯಾರ್ಥಿ ಇದ್ದ. ಅವನ ಗಣಿತದ ನೋಟ್‌ಪುಸ್ತಕವನ್ನು ಹಿಂದಿನಿಂದ ತೆರೆದರೆ ಪುಟಪುಟವೂ ಚಿತ್ರ. ಕೋಟೆಯ ಬತೇರಿ, ಸಂತೆಗೆ ಕುರಿ ಹೊಡೆದುಕೊಂಡು ಬಂದ ಮುದುಕ, ಕಪ್ಪುಹಲಗೆಯ ಕಡೆ ತಿರುಗಿ ನಿಂತ ನನ್ನದೇ ಬೆನ್ನು. ನನ್ನ ಅಂಗಿಯ ಕಾಲರು ಸವೆದು ನೂಲು ಎದ್ದಿದ್ದನ್ನೂ ಅವನು ಬಿಟ್ಟಿರಲಿಲ್ಲ. ದಾವಣಗೆರೆಗೆ ಹೋಗಿ ಚಿತ್ರಕಲೆ ಕಲಿಯಬೇಕೆಂದು ಮನೆಯಲ್ಲಿ ಜಗಳವಾಡಿ ಎರಡು ದಿನ ಊಟ ಬಿಟ್ಟಿದ್ದನಂತೆ. ಅವರ ತಂದೆ, ‘ನಿಮ್ಮ ಮಾತಾದರೆ ಕೇಳ್ತಾನೆ ಸಾರ್’ ಎಂದು ನನ್ನಲ್ಲಿಗೆ ಬಂದರು. ನಾನು ಹುಡುಗನ ಹೆಗಲ ಮೇಲೆ ಕೈಯಿಟ್ಟು, ‘ಅಪ್ಪ ನಿನಗೋಸ್ಕರ ಎಷ್ಟು ಕಷ್ಟಪಡ್ತಿದಾನೆ ನೋಡು, ಅವನ ಮುಖ ನೋಡಿ ಸೈನ್ಸ್ ತಗೋ’ ಎಂದೆ. ಅವನು ವಾದಿಸಲಿಲ್ಲ. ‘ಆಯ್ತು ಸಾರ್’ ಎಂದ. ಅಂದು ನಾನು ಹೆಮ್ಮೆಯಿಂದ ಮನೆಗೆ ಹೋದೆ.

ಹಲವು ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕವನು ಅಷ್ಟು ಜನರ ನಡುವೆಯೂ ಕಾಲಿಗೆ ನಮಸ್ಕರಿಸಿದ. ಕೆಲಸವಿದೆ, ಸಂಸಾರವಿದೆ. ಚಿತ್ರ ಬರೆಯುತ್ತೀಯಾ ಎಂದು ಕೇಳಿದೆ. ‘ಇಲ್ಲ ಸಾರ್, ಅವತ್ತೇ ಬಿಟ್ಟೆ’ ಎಂದ. ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಕ್ಕಳು ಕೇಳಿದ್ದಕ್ಕೆಲ್ಲ ಹಿರಿಯರು ಹೂಂ ಅನ್ನಬೇಕೆಂದು ನಾನು ವಾದಿಸುತ್ತಿಲ್ಲ. ಸಾಲ ಮಾಡಿ ಓದಿಸುವ ತಂದೆಯ ಭಯ ಸುಳ್ಳಲ್ಲ. ಆದರೆ ನಾನು ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ನಿನಗೇನು ಬೇಕು, ಯಾಕೆ ಬೇಕು ಎಂದು ಅರ್ಧಗಂಟೆ ಕೇಳಬಹುದಿತ್ತು. ಅವನಿಗೆ ನನ್ನ ಮೇಲಿದ್ದ ಪ್ರೀತಿಯನ್ನೇ ಅವನ ಬಾಯಿ ಮುಚ್ಚಿಸಲು ಬಳಸಿದೆ. ಚಾಮಯ್ಯ ಮೇಷ್ಟ್ರು ಮಾಡಿದ್ದೂ ಅದನ್ನೇ.

ಪುಟ್ಟಣ್ಣ ಇದನ್ನು ಮುಚ್ಚಿಟ್ಟಿಲ್ಲ. ರಾಮಾಚಾರಿ ಆಮೇಲೆ ಪ್ರೀತಿಸಿದ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳನ್ನೂ ಬಿಡೆಂದು ಮೇಷ್ಟ್ರು ಗುಡ್ಡದ ಮೇಲೆ ಹಟ ಹಿಡಿದಾಗ, ಅವರ ಮಾತು ಕೇಳಿದ್ದರಿಂದ ಅಲಮೇಲುವಿನ ಗತಿ ಏನಾಯಿತೆಂದು ರಾಮಾಚಾರಿ ಹೇಳುತ್ತಾನೆ. ಅದನ್ನು ಕೇಳಿ ಮೇಷ್ಟ್ರು ತತ್ತರಿಸುತ್ತಾರೆ, ಆದರೂ ತಮ್ಮ ಹಟ ಬಿಡುವುದಿಲ್ಲ. ಮೂರು ಜೀವಗಳು ಆ ಬಂಡೆಯಿಂದ ಕೆಳಗೆ ಹೋಗುತ್ತವೆ. ಈ ವರ್ಷದ ಶಿಕ್ಷಕರ ದಿನಾಚರಣೆಯಲ್ಲಿ ಶಿಷ್ಯ ತಲೆಬಾಗುವ ದೃಶ್ಯವನ್ನು ಪರದೆಯ ಮೇಲೆ ತೋರಿಸುವ ಶಾಲೆಗಳು ಗುಡ್ಡದ ಮೇಲಿನ ಈ ದೃಶ್ಯವನ್ನೂ ತೋರಿಸಲಿ, ಆಮೇಲೆ ಮೈಕನ್ನು ನಮ್ಮಂಥ ಮೇಷ್ಟ್ರುಗಳಿಗೆ ಕೊಡುವ ಮೊದಲು ಹತ್ತನೆಯ ತರಗತಿಯ ಮಕ್ಕಳಿಗೆ ಕೊಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ